ಉಕ್ಕಿನ ಗಿಟಾರಿನ ವಾದಕರಲ್ಲಿ ಶ್ರೇಷ್ಠರಾರು?



ಕಳೆದ ವರ್ಷ ಶಾಲೆ ತೆರೆದ ತಿಂಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರ ಮನೆಯವರು, ತಮ್ಮಲ್ಲಿ ಬಹುಕಾಲದಿಂದ ಪೆಟ್ಟಿಗೆಯೊಳಗೆ ಇದ್ದ ಒಂದು ಹವಾಯಿಯನ್ ಗಿಟಾರನ್ನು ಸಂಗೀತದ ಕೋಣೆಗೆ ದಾನವಾಗಿ ಕೊಟ್ಟರು. ಅದರ ತಂತಿಗಳು ತುಕ್ಕು ಹಿಡಿದಿದ್ದುವು. ತಂತಿಯ ಮೇಲೆ ಆಡಿಸತಕ್ಕ ಉಕ್ಕಿನ ಕಂಬಿಯು ಕಳೆದುಹೋಗಿದ್ದಿತು. ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲದಿಂದ ಬರುವ ಒಬ್ಬ ಬಾಲಿಕೆಯ ತಂದೆಯವರು ಹಿತ್ತಾಳೆಯದೊಂದು ಕಂಬಿಯನ್ನು ಮಾಡಿ ಕಳುಹಿಸಿದರು. ಅದು ನೋಡಲು ಅಂದವಾಗಿದ್ದರೂ ಕೆಲವೇ ವಾರಗಳಲ್ಲಿ ತಂತಿಗಳು ಅದರ ಮೇಲೆ ಗೀರು ಬೀಳಿಸಿದುವು. ಅನಂತರ ಪಾಂಡವಪುರದ ಒಂದು ಲೇತಿನ ಅಂಗಡಿಯಲ್ಲಿ ಉಕ್ಕಿನ ತುಂಡನ್ನು ಕಡೆಸಿ, ಕನ್ನಡಿಯಂತೆ ನುಣುಪು ಮಾಡಿಸಿ ತಂದೆವು. ಅಂದಿನಿಂದ ಎಂಟು ಮಂದಿ ಬಾಲಿಕೆಯರು ವಾರಕ್ಕೆ ಎರಡು ದಿನ ಅದನ್ನು ಅಭ್ಯಾಸ ಮಾಡುತ್ತಿದ್ದಾರೆ.

ಆದರೆ ಎರಡು ತಿಂಗಳು ಕಳೆಯುವುದರೊಳಗೆ ಕೃಷ್ಣರಾಜಪೇಟೆಯ ಕಡೆಯ ಪೋಷಕರೊಬ್ಬರು ನನ್ನನ್ನು ಕಾಣಲು ಬಂದರು. ಅವರು ವಿನಯವಾಗಿಯೇ ಕೇಳಿದರು: “ಅಮ್ಮಾ, ವೀಣೆ ಪಿಟೀಲು ಎಂದರೆ ನಮಗೆ ತಿಳಿಯುತ್ತದೆ. ಈ ಪರದೇಶದ ವಾದ್ಯದಲ್ಲಿ ದೊಡ್ಡವರೆನ್ನಿಸಿಕೊಂಡವರು ಯಾರು? ನಮ್ಮವರು ಯಾರಾದರೂ ಇದ್ದಾರೆಯೆ? ಹೆಂಗಸರು ಯಾರಾದರೂ ಇದ್ದಾರೆಯೆ? ಇಲ್ಲವಾದರೆ ನನ್ನ ಮಗಳು ಆ ಹೊತ್ತಿನಲ್ಲಿ ಗಣಿತವನ್ನಾದರೂ ಓದಿಕೊಳ್ಳಲಿ.” ನಾನು ತಕ್ಷಣ ಉತ್ತರ ಹೇಳಲಾರದೆ, ದಸರೆಯ ರಜಾ ಮುಗಿಯುವವರೆಗೆ ಅವಕಾಶ ಕೇಳಿದೆನು. ಆ ಪ್ರಶ್ನೆಗೆ ನಾನೂ ಬಾಲಿಕೆಯರೂ ಕೂಡಿ ಹುಡುಕಿದ ಉತ್ತರವೇ ಈ ಲೇಖನವು.

ಮೊದಲು ವಾದ್ಯದ ಸ್ವರೂಪವನ್ನು ತಿಳಿಯಬೇಕು. ಅದು ತಿಳಿಯದೆ ವಾದಕರನ್ನು ತೂಗಲಾಗದು. ಸಾಧಾರಣ ಗಿಟಾರನ್ನು ಎದೆಗೆ ಒರಗಿಸಿಕೊಂಡು, ಎಡಗೈಯ ಬೆರಳುಗಳಿಂದ ತಂತಿಯನ್ನು ಮೆಟ್ಟಿಲುಗಳ ಮೇಲೆ ಒತ್ತಿ ನುಡಿಸುವರು. ಉಕ್ಕಿನ ಗಿಟಾರನ್ನಾದರೋ ತೊಡೆಯ ಮೇಲೆ ಅಂಗಾತ ಮಲಗಿಸಿಕೊಳ್ಳುವರು. ತಂತಿಗಳನ್ನು ಎತ್ತರಕ್ಕೆ ಏರಿಸಿರುವುದರಿಂದ ಅವು ಮೆಟ್ಟಿಲುಗಳಿಗೆ ತಗಲುವುದೇ ಇಲ್ಲ. ಎಡಗೈಯಲ್ಲಿ ಹಿಡಿದ ಉಕ್ಕಿನ ಕಂಬಿಯನ್ನು ತಂತಿಯ ಮೇಲೆ ಹಗುರವಾಗಿ ಇಟ್ಟು ಜಾರಿಸುತ್ತ, ಬಲಗೈಯಿಂದ ಮೀಟುವರು. ಇದರಿಂದ ಸ್ವರವು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರದೆ, ನಮ್ಮ ಸೀಮೆಯ ಹೆಂಗಸರು ಸೋಬಾನೆ ಹಾಡುವಾಗ ಕೊರಳು ಜಾರುವಂತೆ, ನಡುವಣ ದಾರಿಯೆಲ್ಲವನ್ನೂ ಮುಟ್ಟಿಕೊಂಡು ಹೋಗುವುದು. ಸಂಗೀತ ಬಲ್ಲವರು ಇದನ್ನು ಜಾರು ಎಂದು ಕರೆಯುವರು.

ಈ ಗುಣವೇ ಈ ವಾದ್ಯದ ಕಷ್ಟವೂ ಆಗಿದೆ. ವೀಣೆಯಲ್ಲಿ ಬೆರಳು ಸ್ವಲ್ಪ ಹಿಂದೆ ಮುಂದೆ ಬಿದ್ದರೂ ಮೆಟ್ಟಿಲು ಸ್ವರವನ್ನು ಕಾಪಾಡುತ್ತದೆ. ಇಲ್ಲಿ ಕಾಪಾಡುವವರು ಯಾರೂ ಇಲ್ಲ. ಕಂಬಿಯು ಕೂದಲೆಳೆಯಷ್ಟು ಓರೆಯಾದರೂ ಅಪಸ್ವರವಾಗುವುದು, ಕಿವಿಯೊಂದೇ ಗುರು. ಮೀಟಿದ ಮೇಲೆ ಬೇಡದ ತಂತಿಗಳು ಮೊಳಗದಂತೆ ಅಂಗೈಯಿಂದಲೂ, ಕಂಬಿಯ ಹಿಂದಣ ಬೆರಳುಗಳಿಂದಲೂ ಅವನ್ನು ಸುಮ್ಮನಿರಿಸಬೇಕು. ಇದಲ್ಲದೆ ಕಂಬಿಯು ನೇರವಾದದ್ದು; ಒಂದೇ ಸಾಲಿನಲ್ಲಿರುವ ಸ್ವರಗಳನ್ನು ಮಾತ್ರ ಅದು ಒಟ್ಟಿಗೆ ಮುಟ್ಟಬಲ್ಲುದು. ಇದರಿಂದ ಪಾಶ್ಚಾತ್ಯರ ಸ್ವರಮೇಳಗಳನ್ನು ನುಡಿಸುವುದು ದುಸ್ತರವಾಗಿ, ಕಂಬಿಯನ್ನು ಬೇಕೆಂದೇ ಓರೆಯಾಗಿ ಹಿಡಿಯುವ ಕಲೆ ಹುಟ್ಟಿತು. ಮುಂದೆ ಅಮೆರಿಕಾದವರು ಪಾದಗಳಿಂದಲೂ ಮೊಣಕಾಲುಗಳಿಂದಲೂ ತಂತಿಗಳ ಶ್ರುತಿಯನ್ನು ಬದಲಿಸತಕ್ಕ ಪೆಡಲ್ ಗಿಟಾರನ್ನು ಮಾಡಿಕೊಂಡರು.

ಈ ವಾದ್ಯದ ಹುಟ್ಟನ್ನು ಕೇಳಿದರೆ ಶಾಲೆಯ ಮಕ್ಕಳಿಗೆ ವಿಶೇಷವಾಗಿ ಸಂತೋಷವಾಗುವುದು. ಹವಾಯಿ ದ್ವೀಪಗಳಲ್ಲಿ 1874ನೆಯ ಇಸವಿಯಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬ ಬಾಲಕನು, ಹೊನೊಲುಲುವಿನ ಕಮೆಹಮೆಹಾ ಶಾಲೆಯಲ್ಲಿ ಓದುತ್ತಿದ್ದಾಗ ಈ ವಾದನಕ್ರಮವನ್ನು ರೂಢಿಸಿದನೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆ ಕಾಲವನ್ನು 1889ನೆಯ ಇಸವಿಯ ಸುಮಾರು ಎನ್ನುವರು. ಅವನು ಮೊದಲು ಬಾಚಣಿಗೆಯನ್ನೂ ಚಾಕುವಿನ ಬೆನ್ನನ್ನೂ ತಂತಿಯ ಮೇಲೆ ಆಡಿಸಿ ನೋಡಿ, ಕೊನೆಗೆ ಶಾಲೆಯ ಕಾರ್ಯಾಗಾರದಲ್ಲಿಯೇ ಉಕ್ಕಿನ ಕಂಬಿಯನ್ನು ಮಾಡಿಕೊಂಡನೆಂದು ಹೇಳುವರು. 1904ನೆಯ ಇಸವಿಯಲ್ಲಿ ಅವನು ಅಮೆರಿಕಾದ ಒಳನಾಡಿಗೆ ಹೋಗಿ ನುಡಿಸುತ್ತಲೂ ಕಲಿಸುತ್ತಲೂ ಬಾಳಿ, 1932ರಲ್ಲಿ ತೀರಿಕೊಂಡನು. 1915ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮಹಾಪ್ರದರ್ಶನದ ತರುವಾಯ ಹವಾಯಿಯ ಸಂಗೀತವು ಅಮೆರಿಕಾದಲ್ಲೆಲ್ಲ ಹರಡಿತು. ವಿದ್ಯುಚ್ಛಕ್ತಿಯಿಂದ ಮೊಳಗುವ ಗಿಟಾರುಗಳ ಪೈಕಿ ಮಾರುಕಟ್ಟೆಯಲ್ಲಿ ಮೊದಲು ನೆಲೆಗೊಂಡದ್ದು, 1932ರಲ್ಲಿ ಮಾರಾಟಕ್ಕೆ ಬಂದ ತೊಡೆಯ ಮೇಲಣ ಉಕ್ಕಿನ ಗಿಟಾರೇ. ಅದರ ಆಕಾರವನ್ನು ನೋಡಿ ಜನರು ಅದಕ್ಕೆ ಬಾಣಲೆಯೆಂದು ಅಡ್ಡಹೆಸರಿಟ್ಟರು.

ಆದರೆ ತಂತಿಯ ಮೇಲೆ ಒಂದು ವಸ್ತುವನ್ನು ಜಾರಿಸಿ ನುಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ, ಬಿದಿರಿನ ತುಂಡನ್ನು ಜಾರಿಸಿ ನುಡಿಸತಕ್ಕ ಏಕತಂತ್ರೀ ವೀಣೆಯನ್ನು ವಿವರಿಸಿದ್ದಾನೆ. ಉತ್ತರದೇಶದ ವಿಚಿತ್ರವೀಣೆಯೂ, ನಮ್ಮ ದಕ್ಷಿಣದ ಗೋಟುವಾದ್ಯವೂ ಇದೇ ಮನೆತನಕ್ಕೆ ಸೇರಿದುವು. ಗೋಟುವಾದ್ಯವನ್ನು ಈಚೆಗೆ ಚಿತ್ರವೀಣೆಯೆಂದು ಕರೆಯುವರು. ಅದು ವೀಣೆಯ ಆಕಾರದ್ದಾದರೂ ಮೆಟ್ಟಿಲುಗಳಿಲ್ಲದ್ದು. ತಿರುವಿಡೈಮರುದೂರಿನ ಸಖಾರಾಮರಾಯರು ಅದಕ್ಕೆ ಪುನಃ ಗೌರವ ತಂದರು. ಬೂದಲೂರು ಕೃಷ್ಣಮೂರ್ತಿ ಶಾಸ್ತ್ರಿಗಳೂ (1894–1978), ಸಖಾರಾಮರಾಯರ ಶಿಷ್ಯರಾದ ನಾರಾಯಣ ಅಯ್ಯಂಗಾರ್ಯರೂ (1903–1959) ಅದನ್ನು ಬೆಳಗಿಸಿದರು. ಈ ಅಯ್ಯಂಗಾರ್ಯರ ಮೊಮ್ಮಗನಾಗಿ ನಮ್ಮ ನೆರೆಯ ಮೈಸೂರಿನಲ್ಲಿಯೇ 1967ರಲ್ಲಿ ಜನಿಸಿದ ರವಿಕಿರಣರು ಅದೇ ವಾದ್ಯವನ್ನು ಮುಂದುವರಿಸಿದರು. ಆದುದರಿಂದ ಹವಾಯಿಯ ಗಿಟಾರು ನಮ್ಮಲ್ಲಿಗೆ ಬಂದಾಗ, ಪರದೇಶದಿಂದ ಬಂದಿದ್ದರೂ ನಮ್ಮ ಮನೆಯಲ್ಲಿ ಅದಕ್ಕೆ ಅಕ್ಕಂದಿರು ಇದ್ದರೆಂದೇ ಹೇಳಬೇಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ರಜೆಯಲ್ಲಿ ಬಾಲಿಕೆಯರು ತಮಗೆ ದೊರೆತ ಧ್ವನಿಮುದ್ರಣಗಳನ್ನೆಲ್ಲ ಕೇಳಿಕೊಂಡು ಬಂದು ತಮ್ಮ ತಮ್ಮ ಪಟ್ಟಿಗಳನ್ನು ಮುಂದಿಟ್ಟರು. ಎಂಟು ಪಟ್ಟಿಗಳಲ್ಲಿ ಎರಡು ಕೂಡ ಒಂದೇ ತೆರನಾಗಿರಲಿಲ್ಲ. ಒಬ್ಬಳು ವೇಗವನ್ನು ನೋಡಿದ್ದಳು, ಇನ್ನೊಬ್ಬಳು ಬಹುಮಾನಗಳನ್ನು ಎಣಿಸಿದ್ದಳು, ಮತ್ತೊಬ್ಬಳು ತನಗೆ ಕಣ್ಣೀರು ಬಂದುದನ್ನೇ ಪ್ರಮಾಣವಾಗಿ ಹಿಡಿದಿದ್ದಳು. ಉಪಾಧ್ಯಾಯಿನಿಯಾಗಿ ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಒಂದು ಮಾತು ಗೊತ್ತು: ಅಂಕಗಳ ಕ್ರಮವನ್ನು ಮೊದಲು ಗೊತ್ತುಮಾಡದೆ ಪತ್ರಿಕೆಗಳನ್ನು ತಿದ್ದಿದರೆ ಅನ್ಯಾಯ ತಪ್ಪದು. ಆದುದರಿಂದ ನಾವು ಹೆಸರುಗಳನ್ನು ಬದಿಗಿಟ್ಟು, ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಂಡೆವು.

ಮೊದಲನೆಯದು ಶ್ರುತಿಶುದ್ಧಿ. ಈ ವಾದ್ಯದಲ್ಲಿ ಅದಿಲ್ಲದೆ ಉಳಿದುದೊಂದೂ ಇಲ್ಲ. ಎರಡನೆಯದು, ವಾದಕನು ತನ್ನ ಜನರ ಸಂಗೀತವನ್ನು ಆ ವಾದ್ಯದಿಂದ ಮಾತನಾಡಿಸಿದನೆ ಎಂಬುದು. ಮೂರನೆಯದು, ಅವನು ನಡೆದ ಮೇಲೆ ಇತರರು ನಡೆಯಲು ದಾರಿಯಾಯಿತೆ ಎಂಬುದು. ನಾಲ್ಕನೆಯದು, ತಾನು ಬಲ್ಲದ್ದನ್ನು ಕಿರಿಯರಿಗೆ ಕೊಟ್ಟನೆ ಎಂಬುದು. ವೇಗವನ್ನು ನಾವು ಅಳತೆಯಾಗಿ ತೆಗೆದುಕೊಳ್ಳಲಿಲ್ಲ. ಅದು ಅಭ್ಯಾಸದ ಫಲವೇ ಹೊರತು ಹಿರಿಮೆಯ ಲಕ್ಷಣವಲ್ಲ. ಬಹುಮಾನವನ್ನೂ ತೆಗೆದುಕೊಳ್ಳಲಿಲ್ಲ, ಹಳಬರ ಕಾಲದಲ್ಲಿ ಇಂದಿನ ಬಹುಮಾನಗಳೇ ಇರಲಿಲ್ಲವಷ್ಟೆ. ಇನ್ನೊಂದು ನಿಯಮವನ್ನೂ ಮಾಡಿಕೊಂಡೆವು: ಕಿವಿಯಾರೆ ಕೇಳದವರನ್ನು ಪಟ್ಟಿಯಲ್ಲಿ ಸೇರಿಸಕೂಡದು. ಇದರಿಂದ ಕೆಕುಕುವೇ ಹೊರಗುಳಿದನು. ಅವನ ನುಡಿಸಾಣಿಕೆ ನಮಗೆ ಕೇಳಲು ದೊರೆಯಲಿಲ್ಲ. ಅವನನ್ನು ಮೂಲಪುರುಷನೆಂದು ಗೌರವಿಸಿ, ಪಟ್ಟಿಯ ಮೇಲುಗಡೆ ಪ್ರತ್ಯೇಕವಾಗಿ ಬರೆದೆವು. ಗೋಟುವಾದ್ಯದವರನ್ನೂ ಸೇರಿಸಬೇಕೆಂದು ಇಬ್ಬರು ಬಾಲಿಕೆಯರು ಬಲವಾಗಿ ವಾದಿಸಿದರು. ಕಲೆ ಒಂದೇ ಆದರೂ ವಾದ್ಯ ಬೇರೆಯಾದುದರಿಂದ, ಅಕ್ಕತಂಗಿಯರನ್ನು ಒಂದೇ ಓಟದಲ್ಲಿ ಓಡಿಸಬಾರದೆಂದು ತೀರ್ಮಾನಿಸಿದೆವು.

ಈ ಅಳತೆಗಳಿಂದ ತೂಗಿ ನೋಡಿದಾಗ ಐದು ಹೆಸರುಗಳು ಉಳಿದುವು.

ಸಾಲ್ ಹೋಪಿಯಿ (1902–1953) ಹೊನೊಲುಲುವಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಹಡಗಿನಲ್ಲಿ ಗುಟ್ಟಾಗಿ ಅವಿತುಕೊಂಡು ಅಮೆರಿಕಾಕ್ಕೆ ಹೋದರೆಂಬುದು ಪ್ರಸಿದ್ಧ ಕಥೆ. 1920ರ ದಶಕದ ಅವರ ಧ್ವನಿಮುದ್ರಣಗಳಲ್ಲಿ ಹವಾಯಿಯ ಹಾಡೂ ಆ ಕಾಲದ ಜಾಸ್ ಸಂಗೀತವೂ ಒಂದಾಗಿವೆ. ತಟ್ಟೆಯ ಗರಗರ ಶಬ್ದದ ನಡುವೆಯೂ ಪ್ರತಿಯೊಂದು ಸ್ವರವೂ ಗೆರೆ ಎಳೆದಂತೆ ಸ್ಪಷ್ಟವಾಗಿದೆ. ಮುಂದೆ ಅವರು ಕ್ರೈಸ್ತ ಸುವಾರ್ತಾ ಸಭೆಗಳಲ್ಲಿಯೇ ಹೆಚ್ಚಾಗಿ ನುಡಿಸಿದರು. ಶ್ರುತಿಶುದ್ಧಿಯಲ್ಲಿ ಬಾಲಿಕೆಯರೆಲ್ಲರೂ ಇವರಿಗೇ ಮೊದಲನೆಯ ಅಂಕ ಕೊಟ್ಟರು.

ಜೆರಿ ಬರ್ಡ್ (1920–2005) ಹವಾಯಿಯವರಲ್ಲ. ಅಮೆರಿಕಾದ ಓಹಾಯೋ ಪ್ರಾಂತದವರು. ಸುತ್ತಲಿನವರೆಲ್ಲ ಪೆಡಲ್ ಗಿಟಾರಿನ ಕಡೆಗೆ ಹೋದರೂ ಇವರು ಕೈಯ ಕಂಬಿಯನ್ನೇ ನಂಬಿ ಉಳಿದರು. 1970ರ ದಶಕದಲ್ಲಿ, ಹವಾಯಿಯ ಮಕ್ಕಳೇ ತಮ್ಮ ವಾದ್ಯವನ್ನು ಮರೆಯುತ್ತಿದ್ದ ಕಾಲದಲ್ಲಿ, ಅಲ್ಲಿಗೆ ಹೋಗಿ ನೆಲೆಸಿ ಅವರಿಗೆ ಅದನ್ನು ಪುನಃ ಕಲಿಸಿದರು. ಹೊರಗಿನವರೊಬ್ಬರು ಬಂದು ಮನೆಯ ಸೊತ್ತನ್ನು ಮನೆಯವರಿಗೇ ಒಪ್ಪಿಸಿದ ಈ ಕಾರ್ಯಕ್ಕಾಗಿ, ನಾಲ್ಕನೆಯ ಅಳತೆಯಲ್ಲಿ ಇವರೇ ಮೊದಲಿಗರು.

ಬಡಿ ಎಮನ್ಸ್ (1937–2015) ಪೆಡಲ್ ಗಿಟಾರಿನ ಮಹಾವಾದಕರು. ಕೇವಲ ನುಡಿಸುವುದರಲ್ಲಿ ನಿಲ್ಲದೆ, ಆ ಯಂತ್ರದ ರಚನೆಯನ್ನೇ ತಿದ್ದಿ, ತಮ್ಮ ಹೆಸರಿನ ವಾದ್ಯಗಳನ್ನು ಮಾಡಿಸಿದರು. ಅಮೆರಿಕಾದ ಗ್ರಾಮೀಣ ಸಂಗೀತದಲ್ಲಿ ಅಳುವ ಕೊರಳಿನಂತೆ ಕೇಳಿಬರುವ ಆ ನಾದವು ಇಂದಿನ ರೂಪಕ್ಕೆ ಬರುವಲ್ಲಿ ಅವರ ಪಾಲು ದೊಡ್ಡದು.

ನಾಲ್ಕನೆಯವರನ್ನು ಹೇಳುವ ಮೊದಲು, ಈ ವಾದ್ಯವು ನಮ್ಮ ದೇಶದಲ್ಲಿ ಬೇರೂರಿದ ಬಗೆಯನ್ನು ತಿಳಿಸಬೇಕು. 1940ರ ದಶಕದಲ್ಲಿ ಟಾವು ಮೋ (1908–2004) ಎಂಬ ವಾದಕರು ಪತ್ನಿ ರೋಸ್ ಅವರೊಡನೆ ಕಲಕತ್ತೆಯಲ್ಲಿ ಹಲವು ವರ್ಷಗಳಿದ್ದು, ಹವಾಯಿಯ ಸಂಗೀತವನ್ನು ಕೇಳಿಸಿದರು, ಕಲಿಸಿದರು. ಮುಂದೆ ಬಂಗಾಳದಲ್ಲಿ ಮನೆಮನೆಗೂ ಈ ಗಿಟಾರು ಹೊಕ್ಕಿತು. ಕವಿ ನಜ್ರುಲ್ ಇಸ್ಲಾಮರ ಪುತ್ರ ಕಾಜಿ ಅನಿರುದ್ಧರೂ, ಸುನಿಲ್ ಗಂಗೂಲಿಯವರೂ, ಮುಂಬಯಿಯಲ್ಲಿ ವ್ಯಾನ್ ಶಿಪ್ಲಿಯವರೂ ಚಲಚ್ಚಿತ್ರದ ಹಾಡುಗಳನ್ನು ಇದರಲ್ಲಿ ನುಡಿಸಿ ಧ್ವನಿಮುದ್ರಿಸಿದರು. ನನ್ನ ಬಾಲ್ಯದಲ್ಲಿ ರೇಡಿಯೋವಿನಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಆರಂಭವಾಗುವ ನಡುವಣ ಒಂದೆರಡು ನಿಮಿಷಗಳಲ್ಲಿ ಇಂಥ ನಾದವು ಕೇಳಿಬರುತ್ತಿದ್ದಿತು. ನುಡಿಸಿದವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ನಿಮ್ಮಲ್ಲಿ ಅನೇಕರು ಈ ವಾದ್ಯವನ್ನು ಹೆಸರರಿಯದೆಯೇ ಕೇಳಿರುವಿರಿ.

ಹಾಡನ್ನು ಹಿಂಬಾಲಿಸುವ ಈ ವಾದ್ಯದಿಂದ ರಾಗದ ಆಲಾಪನೆಯಾದೀತೆ ಎಂಬ ಶಂಕೆ ಅನೇಕರಿಗಿದ್ದಿತು. ಆ ಶಂಕೆಯನ್ನು ನಿವಾರಿಸಿದವರೇ ನಾಲ್ಕನೆಯವರಾದ, ಜೋಧಪುರದ ಬೃಜಭೂಷಣ ಕಾಬ್ರಾ (1937–2018). ಸರೋದಿನ ಮಹಾವಿದ್ವಾಂಸರಾದ ಅಲಿ ಅಕಬರ ಖಾನರ ಶಿಷ್ಯರಾಗಿ, ಗಿಟಾರಿಗೆ ಶ್ರುತಿಯ ತಂತಿಯನ್ನು ಸೇರಿಸಿಕೊಂಡು, ಪೂರ್ಣವಾದ ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳನ್ನು ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು ಇವುಗಳೊಡನೆ ಅವರು ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಧ್ವನಿಮುದ್ರಣವು, ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ರಾಗಗಳ ಮೂಲಕ ಚಿತ್ರಿಸುತ್ತದೆ. ಅದು ದೇಶದ ಒಳಗೂ ಹೊರಗೂ ಬಹುಜನರಿಗೆ ಪ್ರಿಯವಾಯಿತು.

ಐದನೆಯವರು ಜಯಪುರದ ವಿಶ್ವಮೋಹನ ಭಟ್ಟರು. 1950ರಲ್ಲಿ ಹುಟ್ಟಿದವರು, ರವಿಶಂಕರರ ಶಿಷ್ಯರು. ಗಿಟಾರಿಗೆ ಚಿಕಾರಿಯ ತಂತಿಗಳನ್ನೂ ತಾನಾಗಿ ಅನುರಣಿಸುವ ತರಬಿನ ತಂತಿಗಳನ್ನೂ ಜೋಡಿಸಿ ಮೋಹನವೀಣೆಯೆಂದು ಹೆಸರಿಟ್ಟರು. ಅಮೆರಿಕಾದ ರೈ ಕೂಡರ್ ಎಂಬುವರೊಡನೆ ಅವರು ನುಡಿಸಿದ ಧ್ವನಿಮುದ್ರಣಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ನಾವು ಅವರನ್ನು ಆರಿಸಿದ್ದು ಪ್ರಶಸ್ತಿಗಾಗಿ ಅಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಇಬ್ಬರು ವಾದಕರು ಆ ಧ್ವನಿಮುದ್ರಣದಲ್ಲಿ ಒಬ್ಬರನ್ನೊಬ್ಬರು ಕಾದು ಕೇಳುವುದು ನಮಗೆ ಕೇಳಿಸಿದ್ದಕ್ಕಾಗಿ. ಇಲ್ಲಿ ಭಾಷೆಯೆಂದರೆ ಸಂಗೀತದ ಭಾಷೆ.

ಯಾವ ಪಟ್ಟಿಯೂ ಅನ್ಯಾಯವಿಲ್ಲದೆ ಮುಗಿಯದು. ಕಾಬ್ರಾ ಅವರ ಶಿಷ್ಯರಾಗಿ ತಾವೇ ಹೊಸ ಗಿಟಾರುಗಳನ್ನು ರೂಪಿಸಿದ ಕಲಕತ್ತೆಯ ದೇಬಾಶಿಷ್ ಭಟ್ಟಾಚಾರ್ಯರು ನಮ್ಮ ಐವರಲ್ಲಿ ಬರಲಿಲ್ಲ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರೂ ಬರಲಿಲ್ಲ. 1930ರ ದಶಕದ ಕೊನೆಯಿಂದ ಆಫ್ರಿಕಾ ಮೂಲದ ಅಮೆರಿಕನ್ನರ ಕ್ರೈಸ್ತಸಭೆಗಳಲ್ಲಿ, ಆರ್ಗನ್ನಿನ ಸ್ಥಾನದಲ್ಲಿ ಉಕ್ಕಿನ ಗಿಟಾರನ್ನಿಟ್ಟು ಆರಾಧನೆಯಲ್ಲಿ ಜನರೊಡನೆ ಹಾಡಿಸಿದ ವಿಲ್ಲಿ ಈಸನ್ ಮೊದಲಾದವರೂ ಬರಲಿಲ್ಲ. ಆ ಸಭೆಗಳ ಹೊರಗಣ ಲೋಕಕ್ಕೆ ಅವರ ಹೆಸರು ಬಹುಕಾಲ ತಿಳಿದೇ ಇರಲಿಲ್ಲ. ಇದರಿಂದ ಪಟ್ಟಿಗಳ ಮಿತಿಯನ್ನು ನಮ್ಮ ಮಕ್ಕಳು ಚೆನ್ನಾಗಿ ಅರಿತರು.

ಪೋಷಕರ ಇನ್ನೊಂದು ಪ್ರಶ್ನೆ, ಹೆಂಗಸರು ಇದ್ದಾರೆಯೆ ಎಂಬುದು. ಇದ್ದಾರೆ. ಶಿಕಾಗೋ ನಗರದ ಲೆಟ್ರಿಷಿಯಾ ಕ್ಯಾಂಡಲ್ (1915–2010) ತಮ್ಮ ಇಪ್ಪತ್ತೆರಡನೆಯ ವಯಸ್ಸಿನ ಸುಮಾರಿನಲ್ಲಿಯೇ, 1937ರಲ್ಲಿ, ಇಪ್ಪತ್ತಾರು ತಂತಿಗಳ ವಿದ್ಯುತ್ ಗಿಟಾರೊಂದನ್ನು ಕಲ್ಪಿಸಿ ಮಾಡಿಸಿ, ಅದನ್ನು ನಿಂತು ನುಡಿಸಿದರು. ವಾದ್ಯವನ್ನು ತೊಡೆಯಿಂದ ಎತ್ತಿ ಕಾಲುಗಳ ಮೇಲೆ ನಿಲ್ಲಿಸಿದವರಲ್ಲಿ ಅವರು ಮೊದಲ ಸಾಲಿನವರು. ನಮ್ಮ ದೇಶದಲ್ಲಿ ಕಾಶಿಯ ಡಾಕ್ಟರ್ ಕಮಲಾ ಶಂಕರ್ ಅವರು ಶಂಕರ ಗಿಟಾರು ಎಂಬ ತಮ್ಮದೇ ವಾದ್ಯದಲ್ಲಿ ಹಿಂದೂಸ್ತಾನಿ ಸಂಗೀತವನ್ನು ನುಡಿಸುತ್ತಾರೆ. ಅವರ ವಾದನದಲ್ಲಿ ಹಾಡುಗಾರಿಕೆಯ ರೀತಿಯು ಎದ್ದು ಕಾಣುವುದು. ಹೆಂಗಸರ ಹೆಸರುಗಳು ಕಡಿಮೆಯಾಗಿರುವುದು ಶಕ್ತಿಯಿಲ್ಲದೆ ಅಲ್ಲ. ಕಂಬಿ ಹಿಡಿಯಲು ಬೇಕಾದುದು ತೋಳಿನ ಬಲವಲ್ಲ. ಕಿವಿಯ ಎಚ್ಚರಿಕೆ, ಕೈಯ ನೆಮ್ಮದಿ, ಮತ್ತು ದಿನಕ್ಕೊಂದು ಗಂಟೆಯ ಬಿಡುವು. ಮೊದಲಿನ ಎರಡು ನಮ್ಮ ಬಾಲಿಕೆಯರಲ್ಲಿ ಇವೆ. ಮೂರನೆಯದನ್ನು ಕೊಡುವುದು ನಮ್ಮ ನಿಮ್ಮ ಕೈಯಲ್ಲಿದೆ.

ಐವರಲ್ಲಿ ಒಬ್ಬರನ್ನೇ ಹೇಳಬೇಕೆಂದರೆ ಯಾರು? ಬಾಲಿಕೆಯರಲ್ಲಿ ಐದು ಮಂದಿ ಹೋಪಿಯಿಯವರ ಕಡೆಗಿದ್ದರು. ಅವರ ವಾದವನ್ನು ನಾನು ತಳ್ಳಿಹಾಕಲಾರೆನು. ಆದರೆ ನನ್ನ ತೀರ್ಪು ಬೃಜಭೂಷಣ ಕಾಬ್ರಾ ಅವರ ಕಡೆಗೆ. ಹೋಪಿಯಿಯವರು ತಮ್ಮ ನಾಡಿನ ವಾದ್ಯದಲ್ಲಿ ಅತ್ಯುತ್ತಮವಾಗಿ ನುಡಿಸಿದರು. ಕಾಬ್ರಾ ಅವರಾದರೋ ಬೇರೊಂದು ನಾಡಿನಲ್ಲಿ ಹುಟ್ಟಿದ ವಾದ್ಯವನ್ನು ಎತ್ತಿಕೊಂಡು, ಅದಕ್ಕೆ ಮನೆಯ ಮಾತನ್ನು ಕಲಿಸಿ, ಅದು ಅತಿಥಿಯೆಂಬುದನ್ನೇ ಮರೆಯಿಸಿದರು. ಅವರು ತೆರೆದ ಬಾಗಿಲಿನಿಂದಲೇ ದೇಬಾಶಿಷರಂಥವರು ಒಳಗೆ ಬಂದರು. ಒಂದು ಕಾಲಕ್ಕೆ ಪಿಟೀಲು ಕೂಡ ನಮಗೆ ಪರದೇಶದ ವಾದ್ಯವಾಗಿದ್ದಿತು; ಇಂದು ಅದಿಲ್ಲದೆ ಕರ್ನಾಟಕ ಸಂಗೀತದ ಕಚೇರಿ ನಡೆಯುವುದು ಅಪರೂಪ. ವಾದ್ಯಕ್ಕೆ ಊರು ಹುಟ್ಟಿನಿಂದ ಬರುವುದಲ್ಲ, ನುಡಿಸುವವರಿಂದ ಬರುವುದೆಂಬುದೇ ನಾನು ಈ ಹುಡುಕಾಟದಿಂದ ಕಲಿತ ಪಾಠ.

ರಜಾ ಮುಗಿದ ಮೇಲೆ ಆ ಪೋಷಕರು ಪುನಃ ಬಂದರು. ನಾನು ಪಟ್ಟಿಯನ್ನು ಅವರ ಕೈಗೆ ಕೊಡುವುದರ ಬದಲು, ಅವರ ಮಗಳನ್ನೇ ಕರೆದು ನುಡಿಸಹೇಳಿದೆನು. ಅವಳು ಮೋಹನರಾಗದ ಆರೋಹಣ ಅವರೋಹಣಗಳನ್ನು ಮಾತ್ರ ನುಡಿಸಿದಳು. ಇಳಿಯುವಾಗ ಒಂದು ಸ್ವರ ತಪ್ಪಿತು. ಅವಳು ಯಾರೂ ಹೇಳದೆಯೇ ನಿಂತು, ಕಂಬಿಯನ್ನು ಸರಿಪಡಿಸಿಕೊಂಡು, ಮತ್ತೆ ಮೇಲಿನಿಂದ ಇಳಿದಳು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಪ್ಪು ಅವಳಿಗೇ ತಿಳಿಯಿತಲ್ಲವೆ, ಅಮ್ಮಾ?” ಎಂದರು. ಬೇಸಿಗೆಯ ಪರೀಕ್ಷೆಯವರೆಗೆ ಮುಂದುವರಿಯಲೆಂದು ಒಪ್ಪಿಕೊಂಡು ಹೋದರು. ಪರೀಕ್ಷೆ ಕಳೆದು ತಿಂಗಳುಗಳಾದುವು. ಅವಳು ಇನ್ನೂ ಕಲಿಯುತ್ತಿದ್ದಾಳೆ. ಗಣಿತದಲ್ಲಿ ಅವಳ ಅಂಕಗಳು ಕಡಿಮೆಯಾಗಿಲ್ಲವೆಂಬುದನ್ನೂ ಇಲ್ಲಿ ತಿಳಿಸುವುದು ನನ್ನ ಕರ್ತವ್ಯ.

ಕೊನೆಯದಾಗಿ ಒಂದು ಬಿನ್ನಹ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿಯೂ ದೂರದ ಊರುಗಳಲ್ಲಿಯೂ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಈ ವಾದ್ಯದ ಹಳೆಯ ಗ್ರಾಮಫೋನು ತಟ್ಟೆಗಳಾಗಲಿ, ಧ್ವನಿಸುರುಳಿಗಳಾಗಲಿ ಇದ್ದರೆ, ಅವನ್ನು ಒಂದು ದಿನದ ಮಟ್ಟಿಗೆ ಶಾಲೆಗೆ ತಂದು ಮಕ್ಕಳಿಗೆ ಕೇಳಿಸಬೇಕೆಂದು ಬೇಡುತ್ತೇನೆ. ಎಂಟು ಮಂದಿಗೆ ಒಂದೇ ಗಿಟಾರು ಇದೆ ಎಂಬುದನ್ನೂ ಮರೆಯದಿರಿ. ನಮ್ಮ ಪಟ್ಟಿಯಲ್ಲಿ ತಪ್ಪಿದ್ದರೆ ತಿದ್ದಿರಿ. ಕೇಳಿ ತಿದ್ದುವವರ ಮಾತಿಗೆ ನಮ್ಮ ಬಾಲಿಕೆಯರು ಕಿವಿಗೊಡುವರು.

— ಮುಖ್ಯೋಪಾಧ್ಯಾಯಿನಿ